ಪುಷ್ಪಳ ಕಿವಿಗೆ ಬಂದ ಕ್ವಾರಿಯ ಮಾತು

ಅಗರದ ಶಾಂತರಾಜು ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿದವನು. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಅವನದೊಂದು ರಿಪೇರಿ ಅಂಗಡಿ ಇದೆ. ಟಿ.ವಿ., ಮಿಕ್ಸಿ, ಯುಪಿಎಸ್ ಏನು ತಂದುಕೊಟ್ಟರೂ ಬಿಚ್ಚುತ್ತಾನೆ. ರಿಪೇರಿಯಾಗದ್ದನ್ನು ಆಗೋದಿಲ್ಲ ಅಂತ ಮುಖಕ್ಕೇ ಹೇಳಿ ಕಳಿಸುತ್ತಾನೆ. ಹಾಗೆ ಹೇಳೋಕಾಗದ ಕೆಲಸ ಅವನಿಗೆ ಎದುರಾದದ್ದು ಒಂದೇ ಸಲ, ಅದೂ ತನ್ನ ಮಗಳ ವಿಷಯದಲ್ಲಿ.

ಮಗಳು ಪುಷ್ಪಳಿಗೆ ಮೂರು ವರ್ಷವಿದ್ದಾಗ ಮೆದುಳು ಜ್ವರ ಬಂತು. ಜೀವ ಉಳಿಯಿತು, ಕಿವಿ ಮುಕ್ಕಾಲು ಪಾಲು ಹೋಯಿತು. ಕ್ಯಾಂಪ್‌ನಲ್ಲಿ ಕೊಟ್ಟ ಕಿವಿಯ ಮಿಷಿನ್ ಹಾಕಿಕೊಂಡರೆ ಎದುರು ಕೂತವರ ಮಾತು ಕೇಳುತ್ತಿತ್ತು. ಯಳಂದೂರಿನ ಶಾಲೆಗೆ ಸೇರಿಸಿದ ಮೇಲೆ ಅದೂ ಸಾಲದಾಯಿತು. ಬೆಂಚು ಎಳೆಯುವ ಸದ್ದು, ಮಕ್ಕಳ ಗಲಾಟೆ, ಫ್ಯಾನಿನ ಗರಗರ ಎಲ್ಲವನ್ನೂ ಆ ಮಿಷಿನ್ ಒಂದೇ ಸಮ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತಿತ್ತು.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಯಾವುದೋ ಸಂಸ್ಥೆಯವರು ಶಾಲೆಗೆ ಬಂದು ಒಂದು ವೈರ್‌ಲೆಸ್ ಸೆಟ್ಟು ಕೊಟ್ಟು ಹೋದರು. ಹೊರದೇಶದ್ದು. ಟೀಚರ್ ಸೆರಗಿಗೆ ಸಣ್ಣ ಮೈಕು ಸಿಕ್ಕಿಸಿಕೊಳ್ಳಬೇಕು, ಮಗು ಸೋಪಿನಷ್ಟು ದಪ್ಪದ ರಿಸೀವರನ್ನು ತಂತಿಯ ದಾರದಲ್ಲಿ ಕೊರಳಿಗೆ ಹಾಕಿಕೊಳ್ಳಬೇಕು. ಟೀಚರ್ ಎಲ್ಲಿ ನಿಂತು ಮಾತಾಡಿದರೂ ಮಗುವಿನ ಕಿವಿಯ ಪಕ್ಕದಲ್ಲೇ ಆಡಿದ ಹಾಗೆ. ಪ್ರೇಮಾ ಟೀಚರ್ ಬೋರ್ಡಿನ ಕಡೆ ತಿರುಗಿ ಮಗ್ಗಿ ಹೇಳಿಕೊಟ್ಟರೂ ಹಿಂದಿನ ಬೆಂಚಿನಿಂದ ಪುಷ್ಪ ಒಪ್ಪಿಸುತ್ತಿದ್ದಳು. ಆ ವರ್ಷ ಅವಳ ಮಾತೇ ತಿದ್ದಿಕೊಂಡಿತು. ‘ಸ’ ಮತ್ತು ‘ಶ’ ಬೇರೆ ಬೇರೆ ಅಂತ ಅವಳಿಗೆ ಗೊತ್ತಾಗಿದ್ದು ಆಗಲೇ.

ಮಾರನೇ ವರ್ಷ ಒಂದು ಸಾಯಂಕಾಲ ಪುಷ್ಪ ಅಡುಗೆಮನೆಗೆ ಬಂದು ಅವ್ವ ಆಶಾರಾಣಿಯನ್ನು ಒಂದು ಮಾತಿನ ಅರ್ಥ ಕೇಳಿದಳು. ಅದು ಲಾರಿ ಡ್ರೈವರುಗಳು ಜಗಳದಲ್ಲಿ ಆಡುವ ಕೆಟ್ಟ ಬೈಗುಳ. ಬೀದಿಯಲ್ಲಿ ಕಲಿತಳೆಂದು ಆಶಾರಾಣಿ ಬೆನ್ನಿಗೆ ಎರಡು ಕೊಟ್ಟಳು.

ಆ ವಾರವೇ ಪ್ರೇಮಾ ಟೀಚರ್ ಶಾಂತರಾಜುವನ್ನು ಕರೆಸಿದರು.

“ಮುಂದಿನ ಸಾಲು ಓದು ಅಂದೆ ರೀ. ಎದ್ದು ನಿಂತು, ‘ಬ್ಲಾಕ್ ಲೋಡಾಯ್ತು, ಗಾಡಿ ಬುಡು’ ಅಂದ್ಲು. ಕ್ಲಾಸೆಲ್ಲ ನಕ್ತು. ಅವಳೂ ನಕ್ಲು, ಪಾಪ, ಯಾಕೆ ಅಂತ ಗೊತ್ತಿಲ್ದೆ.”

ಶಾಂತರಾಜು ರಿಸೀವರನ್ನು ತನ್ನ ಕಿವಿಗೆ ಜೋಡಿಸಿಕೊಂಡು ಶಾಲೆಯ ಅಂಗಳದಲ್ಲಿ ನಿಂತ. ಟೀಚರ್ ದನಿ ಕೇಳುತ್ತಿತ್ತು. ನಡುವೆ ಕರಕರ ಅಂತ ಗಂಡಸರ ದನಿ ಬಂದು ಅದನ್ನು ನುಂಗಿಹಾಕಿತು. ಊರಾಚೆಯ ಕಲ್ಲು ಕ್ವಾರಿಯವರು ವಾಕಿಟಾಕಿಗೆಂದು ಶಾಲೆಯ ಹಿಂದಿನ ದಿಣ್ಣೆಯ ಮೇಲೆ ಕಂಬ ನೆಟ್ಟು ತಿಂಗಳಾಗಿತ್ತು. ಅವರ ತರಂಗವೂ ಟೀಚರ್ ಮೈಕಿನ ತರಂಗವೂ ಅಕ್ಕಪಕ್ಕದ್ದು. ಅವರದಕ್ಕೆ ಜೋರು ಹೆಚ್ಚು.

ಅವನು ಕ್ವಾರಿ ಆಫೀಸಿಗೆ ಹೋದ. ಮ್ಯಾನೇಜರ್ ರಂಗನಾಥ ಒಳ್ಳೆಯ ಮನುಷ್ಯ. ಟೀ ತರಿಸಿಕೊಟ್ಟು ಪೂರ್ತಿ ಕೇಳಿಸಿಕೊಂಡು ಹೇಳಿದ, “ನಮ್ದಕ್ಕೆ ಲೈಸೆನ್ಸ್ ಅದೆ ಸ್ವಾಮಿ. ನಿಮ್ಮ ಮಗಳ ಸೆಟ್ಟಿಗೆ ಅದಾ?”

ಇರಲಿಲ್ಲ. ಹೊರದೇಶದ ತರಂಗಕ್ಕೆ ಮಾಡಿದ ಸೆಟ್ಟು ಅದು. ಇಲ್ಲಿ ದೂರು ಕೊಡಲು ಹೋದರೆ ಮೊದಲು ನಿಲ್ಲಿಸಬೇಕಾದದ್ದೇ ಅದನ್ನು. ಶಾಂತರಾಜು ಟೀ ಕುಡಿದು ಎದ್ದ. “ಬಯ್ಬೇಡ್ರೋ ಅಂತ ನಮ್ಮ ಹುಡುಗ್ರಿಗೆ ಹೇಳ್ತೀನಿ” ಅಂದ ರಂಗನಾಥ. ಹೇಳಿದ್ದೂ ನಿಜವಿರಬೇಕು. ಸ್ವಲ್ಪ ದಿನ ಪುಷ್ಪಳ ಕಿವಿಗೆ ಬರೀ ಲಾರಿ ನಂಬರುಗಳು ಬಂದವು.

ಡಿಪ್ಲೊಮಾ ಕೊನೇ ವರ್ಷದಲ್ಲಿ ಶಾಂತರಾಜು ಮಾಡಿದ್ದ ಪ್ರಾಜೆಕ್ಟು ಬ್ಯಾಂಡ್‌ಪಾಸ್ ಫಿಲ್ಟರಿನದು. ಅದು ನೆನಪಾದ ದಿನ ಅವನು ಅಂಗಡಿ ಬೇಗ ಮುಚ್ಚಿ ಮನೆಗೆ ಬಂದ. ಆಶಾರಾಣಿ ರಾಗಿ ಹಸನು ಮಾಡುತ್ತಿದ್ದಳು.

“ಈಗ ನೋಡು, ದಪ್ಪ ಒಂದರೀಲಿ ಆಡಿದ್ರೆ ಕಲ್ಲು ಮ್ಯಾಲೆ ನಿಂತ್ಕತದ. ಸಣ್ಣ ಒಂದರೀಲಿ ಆಡಿದ್ರೆ ದೂಳು ಕೆಳಕ್ಕೋಯ್ತದ. ಎರಡೂ ಆದ್ಮೇಲೆ ರಾಗಿ ಒಂದೇ ಉಳ್ಕತದ. ಅಂಥದ್ದೊಂದ ಅವಳ ಮಿಷಿನ್‌ಗೆ ಮಾಡ್ತೀನಿ. ಟೀಚರ್ ಮಾತು ಮಾತ್ರ ಒಳಕ್ಕೆ ಬತ್ತದ.”

“ಕಲ್ಲೂ ರಾಗಿಗಾತ್ರನೇ ಇದ್ರೆ?” ಅಂದಳು ಆಶಾರಾಣಿ, ಮೊರದಿಂದ ಕಣ್ಣೆತ್ತದೆ.

ಕಷ್ಟ ಇದ್ದದ್ದೇ ಅಲ್ಲಿ.

ಹಳೇ ಟಿ.ವಿ.ಗಳಿಂದ ಬಿಚ್ಚಿದ ಸಣ್ಣ ಕೆಪಾಸಿಟರು, ತಾನೇ ಸುತ್ತಿದ ತಾಮ್ರದ ಸುರುಳಿ ಇಟ್ಟುಕೊಂಡು ಕೆಲಸ ಶುರುಮಾಡಿದ. ಒಂದೇ ಸುರುಳಿಯದು ಮಾಡಿದಾಗ ಟೀಚರ್ ಜೊತೆ ಕ್ವಾರಿಯೂ ಒಳಗೆ ಬಂತು. ಎರಡು ಹಾಕಿದ, ಕ್ವಾರಿ ತುಸು ಹಿಂದೆ ಸರಿಯಿತು. ನಾಲ್ಕು ಹಾಕಿದಾಗ ಕ್ವಾರಿ ನಿಂತೇ ಹೋಯಿತು. ಆದರೆ ಪ್ರತಿ ಸುರುಳಿಯೂ ಹಾದುಹೋಗುವ ದನಿಯಲ್ಲಿ ತನ್ನ ಪಾಲು ತಿನ್ನುತ್ತದೆ. ಟೀಚರ್ ದನಿ ಬಾವಿಯೊಳಗಿಂದ ಬಂದಂತೆ ಕೇಳಿತು. ಅವನಿಗೇ ಹಾಗಾದರೆ ಪುಷ್ಪಳಿಗೆ ಏನು ಕೇಳೀತು? ಬಿಚ್ಚಿ ಮೂರಕ್ಕೆ ಇಳಿಸಿದ.

ಅಳೆಯುವ ಯಂತ್ರ ಅವನಲ್ಲಿರಲಿಲ್ಲ. ತನಗೆ ಪಾಠ ಹೇಳಿದ್ದ ಪುಟ್ಟಬಸಪ್ಪ ಮೇಷ್ಟರಿಗೆ ಫೋನ್ ಮಾಡಿದ. ಅವರು ಈಗಲೂ ಪಾಲಿಟೆಕ್ನಿಕ್‌ನಲ್ಲೇ ಇದ್ದರು. ಶನಿವಾರ ಮಧ್ಯಾಹ್ನ ಲ್ಯಾಬಿನ ಬಾಗಿಲು ತೆಗೆಸಿ ಶಿಷ್ಯನ ಪಕ್ಕದಲ್ಲಿ ಕೂತು ಫಿಲ್ಟರಿನ ತಿರುಪುಗಳನ್ನು ಅವನ ಕೈಯಲ್ಲೇ ಒಂದೊಂದಾಗಿ ಕೂದಲೆಳೆಯಷ್ಟು ತಿರುಗಿಸಿದರು. ಯಂತ್ರದ ಸ್ಕ್ರೀನಿನ ಮೇಲೆ ಗೆರೆ ಟೀಚರ್ ಮೈಕಿನ ತರಂಗ ಇರುವ ಕಡೆ ಗುಡ್ಡದ ಹಾಗೆ ಎದ್ದು, ಕ್ವಾರಿಯ ತರಂಗ ಇರುವ ಕಡೆ ಸರ್ರನೆ ಕೆಳಗಿಳಿಯಿತು.

“ಚೆನ್ನಾಗಿ ಬಂದಿದೆ ಕಣಯ್ಯ” ಅಂದರು ಮೇಷ್ಟರು. ಶಾಂತರಾಜು ಆ ಗೆರೆಯ ಫೋಟೊ ತೆಗೆದುಕೊಂಡ.

ತಗಡಿನ ಸಣ್ಣ ಡಬ್ಬಿಯಲ್ಲಿ ಅದನ್ನು ಕೂರಿಸಿ ರಿಸೀವರ್ ಜೊತೆ ಕಟ್ಟಿ ಪುಷ್ಪಳ ಕೊರಳಿಗೆ ಹಾಕಿದ. ಪಡಸಾಲೆಯಲ್ಲಿ ಅವಳನ್ನು ಕೂರಿಸಿ ತಾನು ಹಿತ್ತಲಿಗೆ ಹೋಗಿ ಮೈಕಿನಲ್ಲಿ ಹೆಸರು ಕರೆದ. ಅವಳು “ಆಂ” ಅಂದಳು. ಒಳಗೆ ಬಂದು ನೋಡಿದರೆ ಅವಳ ಮುಖ ಅರಳಿತ್ತು.

“ಶಾಲೇಲೂ ಇಂಗೇ ಕೇಳ್ತದೇನವ್ವ, ನೋಡ್ಕಂಡು ಹೇಳು” ಅಂದ.

ಮಾರನೇ ದಿನ ಅವಳು, “ಚೆನ್ನಾಗಿ ಕೇಳ್ತದ ಅಪ್ಪ” ಅಂದಳು. ಅದರ ಮಾರನೇ ದಿನವೂ ಅದೇ ಮಾತು. ಶಾಂತರಾಜು ಮೇಷ್ಟರಿಗೆ ಫೋನ್ ಮಾಡಿ ಹೇಳಿದ. ಅಂಗಡಿಗೆ ಬಂದವರಿಗೆಲ್ಲ ಗೆರೆಯ ಫೋಟೊ ತೋರಿಸಿದ. ಅವರಿಗೇನೂ ತಿಳಿಯಲಿಲ್ಲ. ಆದರೂ ಒಳ್ಳೆಯದಾಯ್ತು ಬುಡು ಅಂದರು.

ಹೀಗಿರುವಾಗ ಪ್ರೇಮಾ ಟೀಚರ್ ಒಂದು ದಿನ ಕೊಳ್ಳೇಗಾಲಕ್ಕೆ ಬಂದವರು ಅಂಗಡಿ ಹುಡುಕಿಕೊಂಡು ಬಂದರು. ಸ್ಟೂಲಿನ ಮೇಲೆ ಕೂತರು.

“ಹೇಗೆ ಹೇಳ್ಲಿ ಶಾಂತರಾಜು? ಅವಳು ಸೆಟ್ಟಿನ ಸ್ವಿಚ್ಚೇ ಹಾಕಲ್ಲ. ಕೊರಳಲ್ಲಿ ಇರುತ್ತೆ ಅಷ್ಟೆ. ನನ್ನ ತುಟಿ ನೋಡ್ಕೊಂಡು ಕೂತಿರ್ತಾಳೆ. ನಾನೂ ಈಗೀಗ ಗಮನಿಸಿದ್ದು.”

ಮನೆಗೆ ಬಂದು ಶಾಂತರಾಜು ಮಗಳ ಎದುರು ಕೂತು ಮೆಲ್ಲಗೆ ಕೇಳಿದ, ಯಾಕೆ ಹೇಳಲಿಲ್ಲ ಅಂತ.

“ಸುಮ್ನೆ ಕುಂತಿದ್ರೆ ಮಿಸ್ ಬತ್ತಾರೆ. ಬರಿಯಕೆ ಬಗ್ಗುದ್ರೆ ಲಾರಿ ಬತ್ತದ. ಅಲ್ಲಾಡ್ದಂಗೇ ಕುಂತ್ಕಂಡು ಕುಂತ್ಕಂಡು ಬೆನ್ನು ನೋವು.” ಆಮೇಲೆ ಅಂದಳು, “ನೀನು ಅಷ್ಟು ದಿನ ಕಷ್ಟಪಟ್ಟು ಮಾಡಿದ್ಯಲ್ಲ ಅಪ್ಪ.”

ಶನಿವಾರ ಅವಳನ್ನೂ ಕರೆದುಕೊಂಡು ಲ್ಯಾಬಿಗೆ ಹೋದ. ಪುಟ್ಟಬಸಪ್ಪ ಮೇಷ್ಟರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕೊರಳ ದಾರವನ್ನು ಯಂತ್ರಕ್ಕೆ ಜೋಡಿಸಿ, “ಬಗ್ಗು ಮಗಳೆ” ಅಂತ ಕೈಸನ್ನೆ ಮಾಡಿದರು. ಅವಳು ಬಗ್ಗಿದಳು. ಗೆರೆಯ ಗುಡ್ಡ ಕುಸಿದು ಒಂದು ಪಕ್ಕಕ್ಕೆ ವಾಲಿತು. ಎದ್ದು ಕೂತಳು, ಮತ್ತೆ ನೆಟ್ಟಗಾಯಿತು. ಅವಳಿಗೆ ಅದು ಆಟದ ಹಾಗೆ ಕಂಡಿತು. ಕೈ ಎತ್ತಿ, ತಲೆ ಅಲ್ಲಾಡಿಸಿ, ಗೆರೆ ಕುಣಿಯುವುದನ್ನು ನೋಡಿ ನಗತೊಡಗಿದಳು.

ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಕೊರಳ ದಾರಾನೇ ಇದರ ಏರಿಯಲ್ಲು. ಏರಿಯಲ್ ಬದಲಾದ್ರೆ ಫಿಲ್ಟರಿನ ಗುಣವೂ ಬದಲಾಗುತ್ತೆ. ಟೇಬಲ್ ಮೇಲೆ ನಾವು ಕಟ್ಟಿದ್ದು ಅಲ್ಲಾಡದ ವಸ್ತು. ಶಾಲೇಲಿ ಅದನ್ನ ಕಟ್ಟಿರೋದು ಮಗುವಿಗೆ. ಮಗು ಆಡುತ್ತೆ.”

“ಏನೂ ಮಾಡೋಕಾಗಲ್ವಾ ಸಾ?”

“ಫಿಲ್ಟರಿನ ಕಿಂಡಿ ಅಗಲ ಮಾಡಿದ್ರೆ ಅವಳು ಆಡೋದನ್ನ ತಡ್ಕೊಳ್ಳುತ್ತೆ. ಅಗಲ ಮಾಡಿದ್ರೆ ಕ್ವಾರಿಯವರು ಬರ್ತಾರೆ.”

ಅದು ಶಾಂತರಾಜುವಿಗೂ ಗೊತ್ತಿತ್ತು. ಆದರೂ ಮತ್ತೆ ಎರಡು ತಿಂಗಳು ಪ್ರಯತ್ನಪಟ್ಟ. ದಾರ ಬಿಟ್ಟು ಕಡ್ಡಿಯ ಏರಿಯಲ್ ಹಾಕಿದರೆ ಮಕ್ಕಳು ಎಳೆದಾಡಿ ಮುರಿದರು. ದಾರದ ಅಲ್ಲಾಟ ಫಿಲ್ಟರಿಗೆ ತಾಗದಿರಲೆಂದು ಎರಡರ ನಡುವೆ ಬ್ಯಾಟರಿಯ ಇನ್ನೊಂದು ಸಣ್ಣ ಬೋರ್ಡು ಇಟ್ಟ. ಕಿಂಡಿ ದಾಟುವ ಮೊದಲೇ ಕ್ವಾರಿಯ ಅಬ್ಬರಕ್ಕೆ ಆ ಬೋರ್ಡು ಉಸಿರುಗಟ್ಟಿತು. ಡಬ್ಬಿ ದಪ್ಪಗಾಗುತ್ತಾ ಹೋಗಿ ಮಗುವಿನ ಕತ್ತಿನಲ್ಲಿ ದಾರದ ಕೆಂಪು ಗೆರೆ ಮೂಡಿತು. ಅದನ್ನು ನೋಡಿದ ಆಶಾರಾಣಿ ಸೆಟ್ಟನ್ನು ಬಿಚ್ಚಿ ಗಂಡನ ಕೈಯಲ್ಲಿ ಇಟ್ಟಳು.

“ಸಾಕು ಬುಡಿ” ಅಂದಳು. ಕೋಪವಿರಲಿಲ್ಲ.

ಸೆಟ್ಟು ಶಾಲೆಯ ಬೀರುವಿಗೆ ಹೋಯಿತು. ಪ್ರೇಮಾ ಟೀಚರ್ ಪುಷ್ಪಳನ್ನು ಮೊದಲ ಬೆಂಚಿಗೆ ಕರೆದು, ಬೋರ್ಡಿನ ಮೇಲೆ ಬರೆದಾದ ಮೇಲೆ ಅವಳ ಕಡೆ ತಿರುಗಿ ಇನ್ನೊಮ್ಮೆ ಹೇಳುವ ಅಭ್ಯಾಸ ಮಾಡಿಕೊಂಡರು. ಒಂದು ವರ್ಷ ಹಾಗೆ ನಡೆಯಿತು. ಜೂನ್‌ನಲ್ಲಿ ಅವರಿಗೆ ಹನೂರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಚಿಕ್ಕಮಾದಪ್ಪ ಮೇಷ್ಟರು ಚೆನ್ನಾಗಿ ಪಾಠ ಮಾಡುತ್ತಾರೆಂದು ಎಲ್ಲರೂ ಹೊಗಳಿದರು.

ಪುಷ್ಪಳ ಅಂಕ ಇಳಿಯಿತು. ಕೇಳಿದರೆ ಅವಳು ಮೇಲ್ತುಟಿಯ ಮೇಲೆ ಬೆರಳು ಅಡ್ಡ ಇಟ್ಟು ತೋರಿಸಿದಳು. ಹೊಸ ಮೇಷ್ಟರಿಗೆ ಪೊದೆಯಂಥ ಮೀಸೆ. ಮಾತು ಮೀಸೆಯೊಳಗೇ ಉಳಿಯುತ್ತಿತ್ತು.

ಶಾಂತರಾಜು ಅಂಗಡಿ ಮುಚ್ಚಿ ಶಾಲೆಗೆ ಹೋದ. ಚಿಕ್ಕಮಾದಪ್ಪ ಮೇಷ್ಟರು ಕುರ್ಚಿ ಹಾಕಿಸಿ ಕೂರಿಸಿದರು. ಮಗಳ ಕಡೆ ಮುಖ ಮಾಡಿ ಪಾಠ ಹೇಳಬೇಕು ಸಾ ಅಂತ ಅವನು ಕೇಳಿಕೊಂಡ. ಅದಕ್ಕೇನಂತೆ, ಖಂಡಿತ ಹೇಳುತ್ತೇನೆ ಅಂದರು ಅವರು. ಇನ್ನೊಂದು ಮಾತಿತ್ತು. ಅವನು ಅವರ ಮುಖ ನೋಡಿದ. ತಂದೆಯ ಕಾಲದಿಂದ ಬಂದ ಮೀಸೆಯಿರಬೇಕು, ಅಂಚು ಎಣ್ಣೆ ಹಾಕಿ ತೀಡಿದ್ದು. ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಮೀಸೆ ಕತ್ತರಿಸಿಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳಬೇಕು?

“ಇನ್ನೇನಾದ್ರೂ ಇತ್ತಾ ಶಾಂತರಾಜು?”

“ಏನಿಲ್ಲ ಸಾ” ಅಂದ. ಕೈಮುಗಿದು ಎದ್ದು ಬಂದ.