ಅಪ್ಪ ಬರೆದ ಸಮಜಾಯಿಷಿ

ನಮ್ಮಪ್ಪ ಬಹಳ ಸಾಧು ಮನುಷ್ಯ ಎನ್ನುವವರು ಇವತ್ತಿಗೂ ಸಿಗುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ದಿನಾ ಬೆಳಿಗ್ಗೆ ನಮ್ಮ ಕ್ರೈಸ್ತರ ಇಗರ್ಜಿಗೆ ಹೋಗುತ್ತಿದ್ದರು, ದನಿ ಎತ್ತಿ ಮಾತಾಡುತ್ತಿರಲಿಲ್ಲ, ಎದುರಿಗೆ ಬಂದ ಸಣ್ಣ ಮಕ್ಕಳಿಗೂ ನಮಸ್ಕಾರ ಹೇಳುತ್ತಿದ್ದರು, ಅದೆಲ್ಲ ನಿಜ. ಆದರೆ ಸಾಧುವಂತೆ, ಸಾಧು! ಆ ಮನುಷ್ಯ ಒಮ್ಮೆ ಆಗೋದಿಲ್ಲ ಅಂದರೆ ಮುಗಿಯಿತು. ಅದನ್ನು ಹತ್ತಿರದಿಂದ ಕಂಡವಳು ನಾನು.

ಅರವತ್ತರ ದಶಕದ ಮಾತು. ಅಪ್ಪ ಹೊಸನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಮ್ಮ ಬಾಡಿಗೆ ಮನೆ ಸಾಗರದಲ್ಲಿ. ಶನಿವಾರ ಬಸ್ಸಿಗೆ ಬರುವುದು, ಸೋಮವಾರ ಮೊದಲ ಬಸ್ಸಿಗೆ ವಾಪಸು. ಬಂದವರು ಚೀಲ ಇಟ್ಟು ಮೊದಲು ಮಾಡುವ ಕೆಲಸ ಅಂದರೆ ಬಚ್ಚಲ ಹಂಡೆಗೆ ನೀರು ತುಂಬಿ ಬೆಂಕಿ ಹಾಕುವುದು. ಅಮ್ಮನಿಗೋ ನನಗೋ ತಿಂಗಳ ಹೊಟ್ಟೆನೋವು ಅಂತ ಗೊತ್ತಾದರೆ ಗಂಜಿಯನ್ನೂ ಅವರೇ ಬೇಯಿಸುತ್ತಿದ್ದರು. ಅಮ್ಮನ ಸೀರೆ ಹಿಂಡಿ ಹಗ್ಗಕ್ಕೆ ಹಾಕುವಾಗ ಬೇಲಿಯಾಚೆ ನಿಂತು ಕಿಸಕ್ಕನೆ ನಗುವವರಿದ್ದರು. "ನಗ್ಲಿ ಬಿಡು, ನೋಡಿ ಕಲಿತ್ರೆ ಅವರ ಹೆಂಡ್ತೀರಿಗೇ ಒಳ್ಳೇದು" ಎನ್ನುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಮುಟ್ಟಿನ ಮಾತು ನೆಗಡಿಯ ಮಾತಿನಷ್ಟೇ ಸಲೀಸು. ಬೇರೆಯವರ ಮನೆಯಲ್ಲಿ ಹಾಗಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತ ವರ್ಷ ಅಪ್ಪನ ಶಾಲೆಯ ಒಬ್ಬಳು ಹುಡುಗಿಯೂ ಕೂತಳು. ಅಡಿಕೆ ತೋಟದ ಹವ್ಯಕರ ಮನೆಯವಳು. ಗಣಿತದಲ್ಲಿ ಎಂಥ ಚುರುಕು ಅಂದರೆ ಅಪ್ಪ ಅವಳ ಉತ್ತರದ ಹಾಳೆಯನ್ನು ಮನೆಗೆ ತಂದು ನನ್ನ ಮುಂದೆ ಇಟ್ಟು ಹೊಟ್ಟೆಕಿಚ್ಚು ಹುಟ್ಟಿಸುತ್ತಿದ್ದರು. ಪರೀಕ್ಷೆಯ ಕೇಂದ್ರ ಸಾಗರ. ಅಷ್ಟು ದಿನ ಹುಡುಗಿ ಉಳಿಯುವುದೆಲ್ಲಿ? ಅವಳ ಮನೆಯವರು ಓದಿದ್ದು ಸಾಕು ಅಂದರು. ಬೇಸಿಗೆಯಲ್ಲಿ ಮದುವೆ ಮಾಡುವುದೆಂದು ಮಾತಾಗಿತ್ತು. ನಮ್ಮ ಮನೆಯಲ್ಲೇ ಉಳಿಯಲಿ ಎಂದು ಹೇಳಲು ಅಪ್ಪ ಮೂರು ಸಲ ಅವರ ಮನೆಗೆ ನಡೆದು ಹೋದರು. ಕೊನೆಗೆ ಹುಡುಗಿಯ ಅಜ್ಜಿ, "ಆನೂ ಸಂತಿಗೆ ಬತ್ತಿ. ಅಡುಗೆ ಎಂಗಳದ್ದೇ" ಎಂದರಂತೆ. ತಾನೂ ಜೊತೆಗೆ ಬರುವುದು, ಅಡುಗೆ ತಮ್ಮದೇ ಬೇರೆ ಎಂಬ ಆ ಷರತ್ತಿಗೆ ಅಪ್ಪ ಕೂಡಲೇ ಒಪ್ಪಿಕೊಂಡು, ಪರೀಕ್ಷೆ ಮುಗಿಯುವವರೆಗೆ ರಜೆ ಹಾಕಿ ಸಾಗರದಲ್ಲೇ ಉಳಿದರು.

ಅಜ್ಜಿ ಬಂದದ್ದೂ ಒಂದು ಮೆರವಣಿಗೆಯೇ. ತಮ್ಮದೇ ಪಾತ್ರೆ, ತಮ್ಮದೇ ಅಕ್ಕಿ, ಕೊಡ, ಹಗ್ಗ. ಜಗಲಿಯ ಪಕ್ಕದ ಕೋಣೆಯನ್ನು ಅಮ್ಮ ತೊಳೆದು ಕೊಟ್ಟಿದ್ದರೂ ಅವರು ಇನ್ನೊಮ್ಮೆ ತೊಳೆದರು. ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ನಮ್ಮ ಬಾವಿಯ ನೀರು ಬೇಡ, ಪಕ್ಕದ ಮನೆಯದು ಆದೀತು. ನಾನು ಸಿಡಿಮಿಡಿಗುಟ್ಟಿದೆ. "ನಮ್ಮ ಮನೇಲೇ ಇದ್ದು ನಮ್ಮ ನೀರು ಬೇಡ್ವಾ ಇವರಿಗೆ?" ಅಪ್ಪ ನನ್ನನ್ನು ಒಳಗೆ ಕರೆದು, "ಅವರು ನೀರು ಕುಡೀಲಿಕ್ಕೆ ಬಂದಿಲ್ಲ. ಮೊಮ್ಮಗಳಿಗೆ ಪರೀಕ್ಷೆ ಬರೆಸ್ಲಿಕ್ಕೆ ಬಂದಿದಾರೆ. ನೀನು ಬಾಯಿ ಮುಚ್ಕೊಂಡಿರು" ಎಂದರು. ಸಂಜೆ ನಾವು ಮೊಣಕಾಲೂರಿ ಜಪಸರ ಹೇಳುವಾಗ ಅವಳ ಓದಿಗೆ ತೊಂದರೆಯಾಗದಂತೆ ಅಪ್ಪ ದನಿ ತಗ್ಗಿಸುತ್ತಿದ್ದರು.

ಗಣಿತದ ದಿನ ಬೆಳಿಗ್ಗೆ ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. "ಹಳೇ ಬಟ್ಟೆ ಇದ್ರೆ ಒಂದು ಕೊಡ್ತ್ಯನೇ?" ಎಂದು ಪಿಸುಗುಟ್ಟಿದಳು. ನಾನು ಮುಂದಿನ ಅಂಗಳಕ್ಕೆ ಓಡಿ, ಅಜ್ಜಿಯ ಒಲೆಯಿಂದ ನಾಲ್ಕು ಮಾರು ದೂರದಲ್ಲಿದ್ದ ಅಮ್ಮನಿಗೆ, "ಅಮ್ಮಾ, ಇವಳು ಮುಟ್ಟಾಗಿದಾಳಂತೆ, ಬಟ್ಟೆ ಕೊಡು" ಎಂದು ಕೂಗಿ ಹೇಳಿದೆ. ನಮ್ಮ ಮನೆಯ ರೂಢಿ ಅದು. ಅವರಲ್ಲಿ ಮೂರು ದಿನ ದೂರ ಕೂರುತ್ತಾರೆ ಎಂದು ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆಗೂ ಅದು ಅಡ್ಡ ಬರಬಹುದೆಂದು ನನ್ನ ಮಂಡೆಗೆ ಹೋಗಲಿಲ್ಲ, ಅಷ್ಟೆ. ಅವಳು ಯಾರಿಗೂ ಹೇಳದೆ ಹೋಗಿ ಬರೆದು ಬರಬೇಕೆಂದಿದ್ದಳು. ನನ್ನ ಹಾಳು ಬಾಯಿ!

ಅಜ್ಜಿಯ ಕೈಯ ಸೌಟು ಅಲ್ಲೇ ನಿಂತಿತು. ಅಪ್ಪ ಇಗರ್ಜಿಯಿಂದ ಬರುವಷ್ಟರಲ್ಲಿ ಹುಡುಗಿ ಜಗಲಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದಳು. ಅವಳ ಪುಸ್ತಕ, ಪೆನ್ನು, ಕಂಪಾಸು ಪೆಟ್ಟಿಗೆಗಳನ್ನೆಲ್ಲ ಅಜ್ಜಿ ತೆಗೆದು ದೂರ ಇಟ್ಟಿದ್ದರು.

"ಕೂಸು ಇನ್ನು ಮೂರು ದಿನ ಎಲ್ಲಿಗೂ ಹೋಪಲೆ ಇಲ್ಲೆ ಮೇಷ್ಟ್ರೇ. ಪುಸ್ತಕ ಮುಟ್ಟಲಾಗ" ಎಂದರು ಅಜ್ಜಿ.

"ಅಮ್ಮ, ಇವತ್ತು ತಪ್ಪಿದ್ರೆ ಇವಳಿಗೆ ಮತ್ತೊಂದು ಸಲ ಇಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು."

"ಸರಸ್ವತಿಗೆ ಮೈಲಿಗೆ ಆಗ್ತು. ಆ ಪಾಪ ಹೊರೋರು ಯಾರು?"

"ನಾನು ಹೊರ್ತೀನಿ. ಪಾಠ ಹೇಳಿದವನು ನಾನು, ಪರೀಕ್ಷೆ ಕಟ್ಟಿಸಿದವನು ನಾನು. ಪಾಪ ಬಂದ್ರೆ ನನ್ನ ತಲೆ ಮೇಲೇ ಬರ್ಲಿ."

ಅಜ್ಜಿ ಅಳತೊಡಗಿದರು. ಆಗ ಅಪ್ಪ ಹುಡುಗಿಯ ಕಡೆ ತಿರುಗಿದರು. "ನೀನು ಹೇಳಮ್ಮ. ನೀನು ಬೇಡ ಅಂದ್ರೆ ನಾನು ಇಲ್ಲಿಗೇ ಸುಮ್ಮನಾಗ್ತೀನಿ." ಅವಳು ಬೇಡ ಅಂದಿದ್ದರೆ ಜೀವಮಾನವಿಡೀ ಆ ಪಾಪ ನನ್ನದಾಗುತ್ತಿತ್ತು. ಅವಳು ಎದ್ದಳು. "ಬರೀತೀನಿ ಸಾರ್" ಎಂದು ನಡೆದು ಹೋಗಿ ತನ್ನ ಪೆನ್ನು ತಾನೇ ಎತ್ತಿಕೊಂಡಳು. ಅಪ್ಪ ಮುಂದೆ, ಹಿಂದೆ ನಾವಿಬ್ಬರೂ. ದಾರಿಯುದ್ದಕ್ಕೂ ನಾನು ಕ್ಷಮಿಸು ಕ್ಷಮಿಸು ಅನ್ನುತ್ತಿದ್ದೆ. "ಸುಮ್ನಿರೇ, ಸೂತ್ರ ಎಲ್ಲಾ ಮರ್ತು ಹೋಗ್ತು" ಎಂದು ಗದರಿದಳು. ಅಜ್ಜಿ ಅವತ್ತಿಡೀ ಉಪವಾಸ ಇದ್ದರು. ಅಮ್ಮ ಅಷ್ಟು ದೂರದಲ್ಲಿ ಕೂತು, ತಾನೂ ತುತ್ತು ಮುಟ್ಟದೆ ಅವರ ಜೊತೆಗಿದ್ದಳು.

ಹುಡುಗಿ ಪಾಸಾದಳು. ಗಣಿತದಲ್ಲಿ ನನಗಿಂತ ಎಷ್ಟೋ ಮೇಲೆ. ಆದರೆ ಅದಕ್ಕೂ ಮೊದಲೇ ಅವಳ ದೊಡ್ಡಪ್ಪನ ದೂರು ಅಪ್ಪನ ಮೇಲಧಿಕಾರಿಗೆ ಮುಟ್ಟಿತ್ತು. ಹಿರಿಯರು ಬೇಡವೆಂದರೂ ಕ್ರೈಸ್ತ ಮೇಷ್ಟ್ರು ಹುಡುಗಿಯನ್ನು ಬಲವಂತವಾಗಿ ಕರೆದೊಯ್ದರು, ಮನೆಯಲ್ಲಿಟ್ಟುಕೊಂಡು ಜಪ ಮಾಡಿಸಿದರು, ಜಾತಿ ಕೆಡಿಸಲು ನೋಡಿದರು ಎಂದು ದೂರಿನಲ್ಲಿತ್ತು. ಜಪವಂತೆ! ಹಿರಿಯರು ಬೇಡ ಅಂದದ್ದು ಯಾಕೆ ಎಂಬುದನ್ನು ಮಾತ್ರ ಆ ಪುಣ್ಯಾತ್ಮ ಬರೆದಿರಲಿಲ್ಲ. ಅಧಿಕಾರಿ ಅಪ್ಪನನ್ನು ಕರೆಸಿ, ಕಾರಣ ವಿವರವಾಗಿ ಬರೆಯಿರಿ, ಇಲ್ಲವೇ ತಪ್ಪಾಯಿತು ಎಂದು ಒಂದು ಸಾಲು ಬರೆಯಿರಿ, ಎರಡರಲ್ಲಿ ಒಂದಾದರೆ ಇಲ್ಲಿಗೇ ಮುಗಿಸುತ್ತೇನೆ ಎಂದರಂತೆ. ಅಪ್ಪ ಬರೆದುಕೊಟ್ಟ ಸಮಜಾಯಿಷಿಯಲ್ಲಿ ಎರಡೂ ಇರಲಿಲ್ಲ. ಜೂನಿನಲ್ಲಿ ಅವರನ್ನು ತೀರ್ಥಹಳ್ಳಿ ತಾಲ್ಲೂಕಿನ ಬಸ್ಸೂ ಹೋಗದ ಒಂದು ಊರಿಗೆ ವರ್ಗ ಮಾಡಿದರು. ಶನಿವಾರಕ್ಕೊಮ್ಮೆ ಬರುತ್ತಿದ್ದವರು ತಿಂಗಳಿಗೊಮ್ಮೆ ಬರುವಂತಾಯಿತು. ಒಲೆಗೆ ಬೆಂಕಿ ಹಾಕುವಾಗ ಅಮ್ಮ ಕಣ್ಣೊರೆಸಿಕೊಂಡರೆ ಹೊಗೆ ಅನ್ನುತ್ತಿದ್ದಳು. ಹೊಗೆಯಲ್ಲವೆಂದು ನನಗೆ ಗೊತ್ತಿತ್ತು.

ಆ ಸಮಜಾಯಿಷಿಯ ಶುದ್ಧ ಪ್ರತಿ ಮಾಡಿದವಳು ನಾನೇ. ನನ್ನ ಅಕ್ಷರ ಚೆನ್ನಾಗಿತ್ತು. ಅಪ್ಪ ಬರೆದು ಕೊಟ್ಟ ಕರಡು ನಾಲ್ಕೇ ಸಾಲು. ಓದಿದವಳಿಗೆ ತಡೆಯಲಾಗಲಿಲ್ಲ.

"ಪಪ್ಪಾ, ಕಾರಣ ಬರೀರಿ. ಇದ್ದದ್ದು ಇದ್ದ ಹಾಗೆ ಬರೆದ್ರೆ ನಿಮ್ಮದೇನೂ ತಪ್ಪಿಲ್ಲ ಅಂತ ಯಾರಿಗಾದ್ರೂ ತಿಳಿಯುತ್ತೆ."

"ತಿಳಿಯುತ್ತೆ. ಆಮೇಲೆ ಆ ಕಾಗದ ಎಷ್ಟು ಜನ ಗಂಡಸರ ಮೇಜಿಗೆ ಹೋಗುತ್ತೆ? ಎಷ್ಟು ಜನ ಓದಿ ನಗ್ತಾರೆ? ಅದು ಆ ಮಗೂನ ಮೈಯಿನ ವಿಷಯ. ಸರ್ಕಾರದ ಕಡತಕ್ಕೆ ಹಾಕೋದಲ್ಲ."

"ಹಾಗಾದ್ರೆ ತಪ್ಪಾಯ್ತು ಅಂತ ಬರೆದುಬಿಡಿ. ಒಂದು ಸಾಲು ತಾನೆ?"

ಅಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅವಳು ಪರೀಕ್ಷೆ ಬರೆದದ್ದು ತಪ್ಪಾ?"

ನಾನು ಪೆನ್ನಿಗೆ ಮಸಿ ತುಂಬಿಸಿ ಪ್ರತಿ ಮಾಡಲು ಕೂತೆ. ಕರಡಿನಲ್ಲಿದ್ದದ್ದು ಇಷ್ಟು: ವಿದ್ಯಾರ್ಥಿನಿಯನ್ನು ಪರೀಕ್ಷೆಗೆ ಕರೆದೊಯ್ದದ್ದು ನಿಜ. ಆಕೆಯ ಒಪ್ಪಿಗೆ ಕೇಳಿಯೇ ಕರೆದೊಯ್ದೆ. ಹಿರಿಯರು ಬೇಡವೆಂದ ಕಾರಣವನ್ನು ತಿಳಿಸಲು ಸಾಧ್ಯವಿಲ್ಲ. ಮತ್ತೆ ಇಂಥದೇ ದಿನ ಬಂದರೆ ಮತ್ತೆ ಹೀಗೆಯೇ ಮಾಡುತ್ತೇನೆ.

ಆ ಕಡೇ ಸಾಲಿನ ಅಡಿಗೆ ಕರಡಿನಲ್ಲಿ ಗೆರೆ ಇರಲಿಲ್ಲ. ಸ್ಕೇಲು ಇಟ್ಟು ಗೆರೆ ಎಳೆದವಳು ನಾನು. ಅಪ್ಪನನ್ನು ಕೇಳಲಿಲ್ಲ.