ಕಲಸಿದ್ದು, ಕಲಕಿದ್ದು

ಅರವತ್ತರ ದಶಕದ ಆರಂಭದಲ್ಲಿ ಮದರಾಸಿನ ಅಡ್ಯಾರಿನ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ನಾನು ಕಟ್ಟುಹಲ್ಲಿನ ಸೆಟ್ಟು ಮಾಡುವ ಕೆಲಸದಲ್ಲಿದ್ದೆ. ವಸಡು ಸವೆದು ಸೆಟ್ಟು ಸಡಿಲವಾದವರಿಗೆ ಪ್ಲಾಸ್ಟಿಕ್ ಪುಡಿಗೆ ದ್ರವ ಸೇರಿಸಿ, ಗಾಜಿನ ಬಟ್ಟಲಲ್ಲಿ ಕಲಸಿ, ಸೆಟ್ಟಿನ ಒಳಗೆ ಹೊಸ ಪದರ ಕೂರಿಸುತ್ತಿದ್ದೆ. ನನ್ನಷ್ಟು ಬೇಗ ಕಲಸುವವನು ಮದರಾಸಿನಲ್ಲೇ ಇಲ್ಲ ಎಂಬ ಜಂಬ ಬೇರೆ.

ತಮಿಳು ಶಾಲೆಯಲ್ಲಿ ಓದಿದ ನಾನು ಮನೆಗೆ ಬಂದು, “ಇವತ್ತು ನಾಲ್ಕು ಸೆಟ್ಟಿಗೆ ಪುಡಿ ಕಲಕಿದೆ” ಎಂದರೆ ಅಮ್ಮನಿಗೆ ನಗು. “ಕಲಸಿದೆ ಅನ್ನೋ. ಕಲಸೋದು ಅನ್ನಾನ, ಕಲಕೋದು ಕೊಳದ ನೀರನ್ನ. ನಿನಗೆ ಎರಡೂ ಒಂದೇ!”

ಒಂದು ದಿನ ಡಾಕ್ಟರು ಯಂತ್ರ ತಂದರು. ಪುಡಿ, ದ್ರವ ಎರಡನ್ನೂ ಕೊಳವೆಯಲ್ಲಿ ಮುಚ್ಚಿಟ್ಟರೆ ಅದೇ ಗಡಗಡ ಅಲುಗಾಡಿಸಿ ಕೊಡುತ್ತಿತ್ತು. ಇದು ಗೆದ್ದರೆ ನೀನು ಬೇರೆ ಕೆಲಸ ನೋಡಿಕೊಳ್ಳಬೇಕಾಗುತ್ತದೆ ಎಂದು ಅವರು ನೇರವಾಗಿಯೇ ಹೇಳಿದರು. ಪರೀಕ್ಷೆಗೆ ಒಂದು ಬಾಯಿ ಬೇಕಿತ್ತು. ಅಮ್ಮನ ಕಟ್ಟುಹಲ್ಲೂ ಸಡಿಲವಾಗಿತ್ತು, ಅವಳನ್ನೇ ಕರೆದುಕೊಂಡು ಹೋದೆ. ಮೇಲಿನ ಸೆಟ್ಟಿಗೆ ನನ್ನ ಕೈ, ಕೆಳಗಿನದಕ್ಕೆ ಯಂತ್ರ. ಪಂದ್ಯ ಏನೆಂದು ಅಮ್ಮನಿಗೆ ಮೊದಲೇ ಹೇಳಿಬಿಟ್ಟಿದ್ದೆ.

ಹದಿನೈದು ದಿನ ಬಿಟ್ಟು ಡಾಕ್ಟರು ಕೇಳಿದರು: “ಎದು ಸೌಕರ್ಯಮಾ ಇರುಕ್ಕು, ಮಾಮಿ?” ಯಾವುದು ಹಿತವಾಗಿದೆ ಅಂತ.

ಅಮ್ಮ ನನ್ನ ಕಡೆ ನೋಡದೆ ಮೇಲ್ದವಡೆಗೆ ಬೆರಳಿಟ್ಟು ತೋರಿಸಿದಳು. ಬಸ್ಸಿನಲ್ಲಿ, “ರೊಂಬ ಚೆನ್ನಾಗಿದೆ ಕಣೋ, ಚಕ್ಕುಲಿ ಕೊಟ್ರೂ ಕಡೀತೀನಿ” ಎಂದಳು. ಯಂತ್ರ ಅಟ್ಟ ಸೇರಿತು.

ಆಮೇಲೆ ಅಮ್ಮನ ಉಪವಾಸಗಳು ಹೆಚ್ಚಾದವು. ಉಳಿದ ದಿನ ಬರೀ ಮೆತ್ತಗಿನ ಮೊಸರನ್ನ. “ನಿನ್ನ ಪಂಚಾಂಗದಲ್ಲಿ ವಾರಕ್ಕೆರಡು ಏಕಾದಶಿಯೇನಮ್ಮ?” ಎಂದು ಛೇಡಿಸುತ್ತಿದ್ದೆ. ಸೆಟ್ಟನ್ನು ಮಾತ್ರ ಅವಳು ತಾನೇ ತೊಳೆದಿಡುತ್ತಿದ್ದಳು. ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ.

ಮೂರು ವರ್ಷದ ಮೇಲೆ ಅಮ್ಮ ತೀರಿಕೊಂಡಳು. ಹದಿಮೂರನೆಯ ದಿನ ಕಳೆದ ಮೇಲೆ ಕಪಾಟಿನಲ್ಲಿ ಆ ಸೆಟ್ಟು ಸಿಕ್ಕಿತು. ಕೆಳಗಿನದರ ಒಳಮೈ ನುಣುಪಾಗಿತ್ತು. ಮೇಲಿನದರ ಒಳಗೆ ಒಂದು ಪದರ ಹತ್ತಿ ಅಂಟಿಕೊಂಡಿತ್ತು, ಹತ್ತಿಯಲ್ಲಿ ಒಣಗಿದ ರಕ್ತ. ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ದೋಸೆಯ ಮೈಯಂತೆ ತೂತೋ ತೂತು. ಬೇಗ ಬೇಗ ತಿರುವುವ ಜಂಬದಲ್ಲಿ ನಾನು ಪುಡಿಗೆ ಗಾಳಿ ಸೇರಿಸಿದ್ದೆ.

ಆ ಮೂರು ವರ್ಷ ನಾನು ಕಲಕಿದ್ದು ಎಷ್ಟು ಬಾಯಿಗಳಿಗೆ ಹೋಗಿತ್ತೋ! ಮರುದಿನ ಎರಡನ್ನೂ ಡಾಕ್ಟರ ಮೇಜಿನ ಮೇಲಿಟ್ಟು, ಅಟ್ಟದಿಂದ ಯಂತ್ರ ಇಳಿಸಿದೆ. ಅವರು ತೂತುಗಳನ್ನು ನೋಡಿದರು, ಯಂತ್ರದ ಧೂಳು ಒರೆಸಿದರು.

ಈಗಲೂ ಮೊಸರನ್ನಕ್ಕೆ ಕೈ ಹಾಕಿದರೆ ಬೆರಳು ನಿಲ್ಲುತ್ತದೆ. “ಕಲಸೋ, ಕಲಕಬೇಡ” ಎಂದು ಅಮ್ಮ ಹಿಂದಿನಿಂದ ಹೇಳುತ್ತಾಳೆ. ಸೆಟ್ಟು ತೆಗೆದಿಟ್ಟ ಬೊಚ್ಚುಬಾಯಿಯ ದನಿ ಅದು.