ಗುಬ್ಬಿಯ ಕಾಲಿಗೆ ನನ್ನ ದಾರ

ಹಿತ್ತಲಿನ ದಾಳಿಂಬೆ ಗಿಡದಲ್ಲಿ ಗುಬ್ಬಿಯೊಂದು ತಲೆಕೆಳಗಾಗಿ ನೇತಾಡುತ್ತಾ ರೆಕ್ಕೆ ಬಡಿಯುತ್ತಿತ್ತು. ಅದರ ಕಾಲಿಗೆ ಬಿಗಿದಿದ್ದದ್ದು ನಮ್ಮ ಮಗ್ಗದ ಕೆಂಪು ಪಾಲಿಯೆಸ್ಟರ್ ದಾರ. ಅಲ್ಲಿ ಹಾಕಿದವಳು ನಾನೇ! ಹಿಂದೂಪುರದ ನಮ್ಮ ಮನೆಯಲ್ಲಿ ಸೀರೆ ನೇಯುತ್ತೇವೆ. ಹಕ್ಕಿಗಳ ಗೂಡಿಗೆ ಆಗಲಿ ಎಂದು ತುಂಡು ದಾರಗಳನ್ನೆಲ್ಲ ಗಿಡದ ಮೇಲೆ ಹರಡಿ, ದೊಡ್ಡ ಪುಣ್ಯ ಕಟ್ಟಿಕೊಂಡೆ ಎಂದು ಬೀಗುತ್ತಿದ್ದೆ.

ಅತ್ತೆ ಓಡಿಬಂದು ಗುಬ್ಬಿಯನ್ನು ಸೆರಗಿನಲ್ಲಿ ಹಿಡಿದುಕೊಂಡರು. ಮಗ್ಗದ ಕತ್ತರಿಯಿಂದ ನಾನು ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದೆ. ಕಾಲಿನ ಚರ್ಮ ಕಿತ್ತುಬಂದಿತ್ತು.

"ಹುಲ್ಲಾಗಿದ್ರೆ ಎಳೆದ್ರೆ ಕಿತ್ಕೊಂಡು ಬತ್ತಿತ್ತು ಕಣಮ್ಮ. ಈ ದಾರ ಪಿಚ್ಚುಕ ಸತ್ರೂ ಬಿಡಾಕಿಲ್ಲ," ಎಂದರು ಅತ್ತೆ. ಗುಬ್ಬಿಗೆ ಅವರು ತೆಲುಗಿನಲ್ಲಿ ಪಿಚ್ಚುಕ ಎಂದೇ ಹೇಳುವುದು.

"ಹುಲ್ಲು ಎಲ್ಲೈತೆ ಅತ್ತೆ?" ಎಂದವಳು ಗಿಡದ ಸುತ್ತಲ ಬೋಳು ನೆಲ ನೋಡಿದೆ. ವಾರ ವಾರವೂ ಹುಲ್ಲನ್ನು ಬುಡಸಮೇತ ಕಿತ್ತು ಹಿತ್ತಲನ್ನು ಚೊಕ್ಕಟ ಮಾಡುವವಳೂ ನಾನೇ.

ಅತ್ತೆ ಕೈ ಸಡಿಲಿಸಿದರು. ಗುಬ್ಬಿ ಗೋಡೆಯ ಮೇಲೆ ಒಂಟಿ ಕಾಲಲ್ಲಿ ಕೂತು, ಸುಧಾರಿಸಿಕೊಂಡು ಹಾರಿತು.

ಈಗ ತುಂಡು ದಾರವೆಲ್ಲ ಮಗ್ಗದ ಪಕ್ಕದ ಚೀಲ ಸೇರುತ್ತದೆ. ಅರ್ಧ ಹಿತ್ತಲಿನ ಹುಲ್ಲಿಗೆ ನಾನು ಕೈ ಹಾಕುವುದಿಲ್ಲ. ನೋಡಿದವರು ಸೋಮಾರಿ ಎಂದರೂ ಸರಿ. ಗುಬ್ಬಿಗೆ ನನ್ನ ದಾರ ಬೇಕಿರಲಿಲ್ಲ. ಅದರ ಹುಲ್ಲನ್ನು ನಾನು ಕೀಳದಿದ್ದರೆ ಸಾಕಿತ್ತು.